ಮೆಡೋಸ್ ಟೇಲರ್

ರೈಲುದಾರಿ ಬರುವುದಕ್ಕೆ ಮುಂಚೆ ಕಲಬುರಗಿ ಸೀಮೆಯ ಜನರಿಗೆ ದೂರದ ಪ್ರಯಾಣವೆಂದರೆ ಕಾಲ್ನಡಿಗೆ, ಇಲ್ಲವೆ ಎತ್ತಿನ ಬಂಡಿ, ಉಳ್ಳವರಿಗೆ ಕುದುರೆ. ವಾಡಿಯಿಂದ ಸಿಕಂದರಾಬಾದಿಗೆ ಮೊದಲ ರೈಲು ಓಡಿದುದು 1874ರಲ್ಲಿ. ಅದಕ್ಕೂ ಹಿಂದೆ ಕೊಡ್ಲಿಯಂತಹ ಊರಿನಿಂದಲೋ, ಸೇಡಂ, ಚಿತ್ತಾಪುರ, ಚಿಂಚೋಳಿಗಳಿಂದಲೋ ಹೈದರಾಬಾದಿಗೆ ಹೊರಟವನು ದಿನಗಟ್ಟಲೆ ನಡೆಯಬೇಕಾಗಿತ್ತು. ಒಬ್ಬನೇ ಹೋಗುವುದು ಅಪಾಯ. ಆದುದರಿಂದ ದಾರಿಯಲ್ಲಿ ಸಿಕ್ಕ ಸಭ್ಯರ ಗುಂಪಿನೊಡನೆ ಸೇರಿಕೊಂಡು, ಅವರೊಡನೆ ಉಂಡು, ಅವರ ಬಳಿಯಲ್ಲೇ ಮಲಗಿ, ಬೆಳಗಾಗುವ ಮೊದಲು ಮತ್ತೆ ಹೆಜ್ಜೆ ಹಾಕುವುದು ವಾಡಿಕೆಯಾಗಿತ್ತು. ಹೀಗೆ ಹೊರಟವರಲ್ಲಿ ಕೆಲವರು ಊರು ಸೇರುತ್ತಿರಲಿಲ್ಲ. ಮನೆಯವರು ತಿಂಗಳುಗಟ್ಟಲೆ ಕಾದು, ಹುಲಿ ಹಿಡಿಯಿತೋ ಬೇನೆ ಬಂದಿತೋ ಎಂದು ಅತ್ತು ಸುಮ್ಮನಾಗುತ್ತಿದ್ದರು. ಸತ್ತವನ ದೇಹ ಸಿಗದಿದ್ದರೆ ದೂರು ಕೊಡುವುದಾದರೂ ಯಾರ ಮೇಲೆ?

ಈ ಕಾಣದ ಅಪರಾಧದ ಸುಳಿವನ್ನು ಹಿಡಿಯಲು ಹೊರಟವರಲ್ಲಿ ಇಪ್ಪತ್ತರ ಹರೆಯದ ಒಬ್ಬ ಆಂಗ್ಲ ಯುವಕನೂ ಇದ್ದನು. ಅವನೇ ಫಿಲಿಪ್ ಮೆಡೋಸ್ ಟೇಲರ್.

ಟೇಲರನು 1808ನೆಯ ಇಸವಿಯ ಸೆಪ್ಟೆಂಬರ್ 25ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದನು. ತಂದೆ ವ್ಯಾಪಾರಿ. ವ್ಯಾಪಾರದಲ್ಲಿ ನಷ್ಟ ಒದಗಿದುದರಿಂದ ಹುಡುಗನ ಓದು ಬೇಗನೆ ನಿಂತಿತು. ಮುಂಬಯಿಯಲ್ಲಿ ಬ್ಯಾಕ್ಸ್‌ಟರ್ ಎಂಬ ಇಂಗ್ಲಿಷ್ ವರ್ತಕನಿದ್ದಾನೆ, ಅವನಲ್ಲಿ ಗುಮಾಸ್ತನಾಗಿ ಸೇರಿದರೆ ಮುಂದೆ ಪಾಲುದಾರನೂ ಆಗಬಹುದು ಎಂಬ ಆಸೆಯಿಂದ ಹದಿನೈದು ವರ್ಷದ ಮಗನನ್ನು ಹಡಗು ಹತ್ತಿಸಿದರು. 1824ರಲ್ಲಿ ಮುಂಬಯಿಗೆ ಬಂದಿಳಿದ ಹುಡುಗನಿಗೆ, ತಾನು ನಂಬಿ ಬಂದ ಅಂಗಡಿಯೇ ಮುಳುಗುವ ಸ್ಥಿತಿಯಲ್ಲಿದೆ ಎಂಬುದು ತಿಳಿಯಿತು. ಅಲ್ಲಿ ಉನ್ನತ ಹುದ್ದೆಯಲ್ಲಿದ್ದ ಬಂಧುವೊಬ್ಬನ ಸಹಾಯದಿಂದ ಅವನಿಗೆ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಅಧಿಕಾರಿಯ ಕೆಲಸ ದೊರೆಯಿತು. ಇದು ಕಂಪನಿ ಸರ್ಕಾರದ ನೇರ ನೌಕರಿಯಲ್ಲ. ಕಂಪನಿಯ ನೌಕರರಿಗಿದ್ದ ಬಡ್ತಿಯ ದಾರಿ ಇಲ್ಲಿರಲಿಲ್ಲ. ಆ ಕೊರತೆಯನ್ನು ಟೇಲರನು ಕೊನೆಯವರೆಗೂ ಅನುಭವಿಸಿದನು. ಆದರೆ ಅದೇ ಕಾರಣದಿಂದ ಅವನು ದಂಡಿನ ಬಂಗಲೆಗಳಲ್ಲಿ ಕಾಲ ಕಳೆಯದೆ ಹಳ್ಳಿಗಳ ನಡುವೆ ಬಾಳುವಂತಾಯಿತು.

ಬಂದವನು ಮೊದಲು ಮಾಡಿದ ಕೆಲಸ ಭಾಷೆ ಕಲಿತದ್ದು. ಹಿಂದೂಸ್ತಾನಿ, ಪಾರ್ಸಿ, ಮರಾಠಿಗಳನ್ನು ಅವನು ಕಲಿತನು. ದುಭಾಷಿಯ ನೆರವಿಲ್ಲದೆ ರೈತನ ದೂರನ್ನು ಕೇಳಬಲ್ಲ ಅಧಿಕಾರಿಗಳು ಆಗ ಅಪರೂಪ. ಆದ್ದರಿಂದಲೇ ಇನ್ನೂ ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿಯೇ ನಿಜಾಮನ ರಾಜ್ಯದ ನೈಋತ್ಯ ಭಾಗಕ್ಕೆ ಸಹಾಯಕ ಪೊಲೀಸ್ ಮೇಲ್ವಿಚಾರಕನಾಗಿ ಅವನ ನೇಮಕವಾಯಿತು.

ಆ ಕಾಲದ ಒಂದು ಪ್ರಸಂಗವನ್ನು ಟೇಲರನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಹಿಟ್ಟು ಮಾರುವ ಅಂಗಡಿಕಾರರು ಹಿಟ್ಟಿಗೆ ಮರಳು ಬೆರೆಸುತ್ತಾರೆ, ತೂಕದ ಕಲ್ಲುಗಳೂ ಸುಳ್ಳು ಎಂದು ಜನರು ದೂರು ತಂದರು. ಟೇಲರನು ದಂಡ ಹಾಕಲಿಲ್ಲ, ಸೆರೆಗೂ ಕಳುಹಿಸಲಿಲ್ಲ. ಅವರವರ ಅಂಗಡಿಯ ಹಿಟ್ಟನ್ನು ಅವರಿಂದಲೇ ತಿನ್ನಿಸಿದನು. ನೆರೆದವರ ನಗುವಿನ ನಡುವೆ ಮರಳು ಅಗಿದ ವರ್ತಕರು ಆ ಬಗೆಯ ವ್ಯಾಪಾರವನ್ನು ಬಿಟ್ಟರು. ಕಾನೂನಿನ ಪುಸ್ತಕದಲ್ಲಿ ಇಲ್ಲದ ಶಿಕ್ಷೆ ಇದು. ಊರಿನ ಜನರ ಎದುರಿಗೆ ತಲೆ ತಗ್ಗಿಸುವಂತಾಗುವ ಭಯ ಸೆರೆಮನೆಯ ಭಯಕ್ಕಿಂತ ಹೆಚ್ಚಿನದು ಎಂಬುದನ್ನು ಈ ಹುಡುಗ ಹೇಗೋ ಕಂಡುಕೊಂಡಿದ್ದನು. ಆದರೆ ಎಲ್ಲ ಅಪರಾಧಗಳೂ ಸಂತೆಯ ನಡುವೆ, ಹಾಡುಹಗಲಿನಲ್ಲಿ ನಡೆಯುವುದಿಲ್ಲ.

1829ರ ಸುಮಾರಿಗೆ ಅವನ ವ್ಯಾಪ್ತಿಯ ದಾರಿಗಳ ಪಕ್ಕದಲ್ಲಿ ಕೆಲವು ಶವಗಳು ಸಿಕ್ಕಿದವು. ಗಾಯದ ಗುರುತಿಲ್ಲ, ಜಗಳ ನಡೆದ ಕುರುಹಿಲ್ಲ. ಟೇಲರನು ವಿಚಾರಣೆ ಆರಂಭಿಸಿ ಎಳೆಗಳನ್ನು ಜೋಡಿಸುತ್ತಿರುವಾಗಲೇ ಅವನನ್ನು ಮತ್ತೆ ಸೈನ್ಯಕ್ಕೆ ಕರೆಸಿಕೊಳ್ಳಲಾಯಿತು. ಅವನು ಹಿಡಿದ ಎಳೆ ಅಲ್ಲಿಗೇ ಕಡಿಯಿತು. ಅದೇ ಕಾಲದಲ್ಲಿ ಉತ್ತರದ ನರ್ಮದಾ ತೀರದಲ್ಲಿ ವಿಲಿಯಂ ಸ್ಲೀಮನ್ ಎಂಬ ಅಧಿಕಾರಿಯು ಅದೇ ರಹಸ್ಯವನ್ನು ಭೇದಿಸಿ ಹೆಸರು ಪಡೆದನು. ಇನ್ನಷ್ಟು ಕಾಲ ತನ್ನನ್ನು ಅಲ್ಲಿಯೇ ಬಿಟ್ಟಿದ್ದರೆ ಆ ಕೀರ್ತಿ ತನಗೆ ಬರುತ್ತಿತ್ತೆಂಬ ಕೊರಗು ಟೇಲರನನ್ನು ಕೊನೆಯವರೆಗೂ ಬಿಡಲಿಲ್ಲ.

ಆ ರಹಸ್ಯವೇ ಥಗ್ಗರದು. ದಕ್ಷಿಣದಲ್ಲಿ ಅವರಿಗೆ ಫಾಂಸಿಗಾರರೆಂಬ ಹೆಸರೂ ಇದ್ದಿತು. ಅವರು ದರೋಡೆಕೋರರಂತೆ ಕತ್ತಿ ಹಿರಿದು ಬೀಳುತ್ತಿರಲಿಲ್ಲ. ಯಾತ್ರಿಕರಂತೆ, ಸಿಪಾಯಿಗಳಂತೆ, ವರ್ತಕರಂತೆ ವೇಷ ಧರಿಸಿ ದಾರಿಹೋಕರ ಸ್ನೇಹ ಬೆಳೆಸುತ್ತಿದ್ದರು. ಮಾತಿನಿಂದ ಮರುಳುಮಾಡುವವರು, ಕರವಸ್ತ್ರದಿಂದ ಕುತ್ತಿಗೆ ಬಿಗಿಯುವವರು, ಮೊದಲೇ ಸ್ಥಳ ನೋಡಿ ಕುಣಿ ತೋಡಿಡುವವರು ಎಂದು ಅವರಲ್ಲಿ ಕೆಲಸದ ಹಂಚಿಕೆಯಿತ್ತು. ತಮ್ಮೊಳಗೆ ಮಾತ್ರ ತಿಳಿಯುವ ಒಂದು ಗುಪ್ತ ನುಡಿಯೂ ಇದ್ದಿತು. ಶಕುನ ನೋಡದೆ ಹೊರಡುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಊರಿಗೆ ಮರಳಿ ಒಳ್ಳೆಯ ಗೃಹಸ್ಥರಂತೆ ಹೆಂಡತಿ ಮಕ್ಕಳೊಡನೆ ಇರುತ್ತಿದ್ದರು. ಹಲವೆಡೆ ಜಮೀನುದಾರರು ಅವರಿಂದ ಪಾಲು ಪಡೆದು ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಅರಸೊತ್ತಿಗೆಗಳು ಕುಸಿದು, ಸಿಪಾಯಿಗಳು ಕೆಲಸ ಕಳೆದುಕೊಂಡು, ಒಬ್ಬನ ಸೀಮೆಯಲ್ಲಿ ತಪ್ಪು ಮಾಡಿದವನು ಇನ್ನೊಬ್ಬನ ಸೀಮೆಗೆ ದಾಟಿದರೆ ಹಿಡಿಯುವವರಿಲ್ಲದ ಕಾಲವದು.

1833ರ ಹೊತ್ತಿಗೆ ಸ್ಲೀಮನನ ಕಾರ್ಯಾಚರಣೆ ನಿಜಾಮನ ರಾಜ್ಯಕ್ಕೂ ಹಬ್ಬಿದಾಗ, ಸಿಕ್ಕಿಬಿದ್ದವರ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸ ಟೇಲರನ ಪಾಲಿಗೂ ಬಂದಿತು. ದಿನವಿಡೀ ಅವರೆದುರು ಕುಳಿತು, ಕೊಲೆಯ ಮೇಲೆ ಕೊಲೆಯ ವಿವರವನ್ನು ಅವರದೇ ಮಾತಿನಲ್ಲಿ ಅವನು ಕೇಳಿದನು. ಕೇಳಿದ ಕಥೆಗಳಿಗಿಂತ ಹೇಳಿದವರ ಶಾಂತವಾದ ಮುಖಗಳೇ ಅವನ ಮನಸ್ಸನ್ನು ಕಲಕಿದವು. ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ ಅವನು ಇದನ್ನೇ ಕಾದಂಬರಿಯಾಗಿ ಬರೆದನು. ಥಗ್ಗನ ತಪ್ಪೊಪ್ಪಿಗೆಯೆಂಬ ಅರ್ಥದ ಹೆಸರಿನ ಆ ಇಂಗ್ಲಿಷ್ ಕೃತಿ 1839ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಗಿ, ವಿಕ್ಟೋರಿಯಾ ರಾಣಿಯವರೆಗೂ ತಲುಪಿತು.

ಆ ಕಾದಂಬರಿಯಲ್ಲಿ ಅಮೀರ್ ಅಲಿ ಎಂಬ ಥಗ್ಗನು ಸೆರೆಯಲ್ಲಿ ಕುಳಿತು ಒಬ್ಬ ಸಾಹೇಬನಿಗೆ ತನ್ನ ಕಥೆ ಹೇಳುತ್ತಾನೆ. ಅವನು ಹುಟ್ಟಿನಿಂದ ಥಗ್ಗನಲ್ಲ. ಬಾಲ್ಯದಲ್ಲಿ ಅವನ ತಂದೆತಾಯಿಗಳನ್ನು ಥಗ್ಗರೇ ಕೊಂದರು. ಕೊಂದವರ ನಾಯಕನು ಮಗುವಿನ ಮೇಲೆ ಮೋಹಗೊಂಡು ಅವನನ್ನು ಮಗನಂತೆ ಸಾಕಿದನು. ಹುಡುಗನು ಆ ಪ್ರೀತಿಯೊಡನೆ ಆ ಕಸುಬನ್ನೂ ಕಲಿತನು. ಮುಂದೊಂದು ದಿನ, ಯಾರೆಂದು ತಿಳಿಯದೆ, ತನ್ನ ಸ್ವಂತ ತಂಗಿಯನ್ನೇ ಅವನು ಕೊಲ್ಲುತ್ತಾನೆ. ಕೊಲೆಗಡುಕನೊಬ್ಬ ಹೇಗೆ ತಯಾರಾಗುತ್ತಾನೆ ಎಂಬ ಪ್ರಶ್ನೆಯನ್ನು ಟೇಲರನು ಹೀಗೆ ಮುಂದಿಟ್ಟನು. ದುಷ್ಟತನವು ರಕ್ತದಲ್ಲಿಯೇ ಇರುತ್ತದೆಂದು ನಂಬಿದ್ದ ಓದುಗರಿಗೆ ಇದು ಒಗ್ಗುವ ಮಾತಾಗಿರಲಿಲ್ಲ.

ಆಳುವವರು ಹಿಡಿದ ದಾರಿ ಬೇರೆ. 1836ರಲ್ಲಿ ಜಾರಿಗೆ ಬಂದ ಕಾಯಿದೆಯ ಪ್ರಕಾರ, ಒಬ್ಬನು ಯಾವುದೇ ಒಂದು ಕೊಲೆಯನ್ನು ಮಾಡಿದನೆಂದು ಸಿದ್ಧಪಡಿಸಬೇಕಾದ ಅಗತ್ಯವಿರಲಿಲ್ಲ. ಎಂದಾದರೂ ಥಗ್ಗರ ತಂಡಕ್ಕೆ ಸೇರಿದ್ದನೆಂದು ತೋರಿಸಿದರೆ ಸಾಕು, ಜೀವಾವಧಿ ಸೆರೆ. ಸಾಕ್ಷಿ ಹೇಳುವವರೂ ಥಗ್ಗರೇ. ಸಂಗಡಿಗರನ್ನು ತೋರಿಸಿಕೊಟ್ಟವನಿಗೆ ಜೀವದಾನ. ಈ ಬಗೆಯಿಂದ ಸಾವಿರಕ್ಕೂ ಮಿಕ್ಕಿದ ಜನರು ನೇಣಿಗೋ ಗಡಿಪಾರಿಗೋ ಗುರಿಯಾದರು. ದಾರಿಗಳು ನಿರ್ಭಯವಾದವು, ನಿಜ. ಆದರೆ ತನ್ನ ಕೊರಳನ್ನು ಉಳಿಸಿಕೊಳ್ಳಲು ಬಾಯಿ ಬಿಡುವವನು ಹೇಳಿದ ಹೆಸರುಗಳೆಲ್ಲ ಅಪರಾಧಿಗಳ ಹೆಸರುಗಳೇ ಆಗಿದ್ದವೇ ಎಂಬ ಸಂಶಯವನ್ನು ಈಚಿನ ಇತಿಹಾಸಕಾರರು ಎತ್ತಿದ್ದಾರೆ. ಥಗ್ಗರೆಂಬ ಒಂದೇ ಪಂಥ ದೇಶಕ್ಕೆಲ್ಲ ಹರಡಿತ್ತೆಂಬುದನ್ನೂ ಅವರಲ್ಲಿ ಹಲವರು ಒಪ್ಪುವುದಿಲ್ಲ. ವ್ಯಕ್ತಿಯ ತಪ್ಪಿಗೆ ಬದಲಾಗಿ ಗುಂಪನ್ನೇ ತಪ್ಪಿತಸ್ಥವೆಂದು ಬಗೆಯುವ ಈ ಕ್ರಮ ಅಲ್ಲಿಗೆ ನಿಲ್ಲಲಿಲ್ಲ. 1871ರ ಕಾಯಿದೆಯೊಂದು ಇಡೀ ಬುಡಕಟ್ಟುಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿ ಮಾಡಲು ದಾರಿಮಾಡಿತು. ಹುಬ್ಬಳ್ಳಿಯಲ್ಲಿ ಈಗಲೂ ಸೆಟ್ಲಮೆಂಟ್ ಎಂದು ಕರೆಯುವ ಬಡಾವಣೆಯು ಅಂತಹವರನ್ನು ಮುಳ್ಳುಬೇಲಿಯೊಳಗೆ ಇರಿಸಿದ್ದ ಕಾಲದ ಗುರುತು. ಆ ಕಾಯಿದೆ ರದ್ದಾದುದು ಸ್ವಾತಂತ್ರ್ಯ ಬಂದ ಬಳಿಕ, 1952ರಲ್ಲಿ.

ಟೇಲರನು 1840ರಲ್ಲಿ ಭಾರತಕ್ಕೆ ಮರಳಿದನು. ಮರುವರ್ಷ ಅವನನ್ನು ಸುರಪುರಕ್ಕೆ ಕಳುಹಿಸಲಾಯಿತು. ಕೃಷ್ಣಾ ಭೀಮಾ ನದಿಗಳ ನಡುವಿನ ಈ ಪುಟ್ಟ ಸಂಸ್ಥಾನ ಬೇಡರ ನಾಯಕರದು. 1705ರಲ್ಲಿ ಮುಪ್ಪಿನ ಔರಂಗಜೇಬನು ತಾನೇ ನಿಂತು ನಡೆಸಿದ ಕೊನೆಯ ದೊಡ್ಡ ಮುತ್ತಿಗೆ ಈ ನಾಯಕರ ವಾಗಣಗೇರಿ ಕೋಟೆಯದೇ. ಗುಡ್ಡಗಾಡಿನ ಈ ವೀರರನ್ನು ಹೊರಗಿನ ಅಧಿಕಾರಿಗಳು ಕೊಳ್ಳೆಕಾರರೆಂದೇ ಬರೆದಿಡುತ್ತಿದ್ದರು. ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡು, ಅವನ ಮಗ ವೆಂಕಟಪ್ಪ ನಾಯಕನು ಇನ್ನೂ ಏಳೆಂಟು ವರ್ಷದ ಬಾಲಕನಾಗಿದ್ದನು. ಬೊಕ್ಕಸ ಬರಿದು, ನಿಜಾಮನಿಗೆ ಸಲ್ಲಬೇಕಾದ ಹಣ ಬೆಟ್ಟದಷ್ಟು. ರಾಣಿ ಈಶ್ವರಮ್ಮನು ಒಂದು ಕಡೆ, ಬಾಲಕನ ಚಿಕ್ಕಪ್ಪ ಪಿಡ್ಡ ನಾಯಕನು ಇನ್ನೊಂದು ಕಡೆ ಅಧಿಕಾರಕ್ಕಾಗಿ ಎದುರುಬದುರಾಗಿದ್ದರು. ಮೊದಲು ಪಿಡ್ಡ ನಾಯಕನು ರಾಜಪ್ರತಿನಿಧಿಯಾದನು. ಬಳಿಕ ಆಡಳಿತದ ಹೊಣೆ ಟೇಲರನ ಮೇಲೆಯೇ ಬಿತ್ತು.

ರಾಣಿಯು ಅವನನ್ನು ಸುಲಭವಾಗಿ ಒಪ್ಪಲಿಲ್ಲ. ಟೇಲರನ ಬರಹದಲ್ಲಿ ಅವಳು ಹಟಮಾರಿಯಾಗಿ, ಒಳಸಂಚಿನವಳಾಗಿ ಕಾಣುತ್ತಾಳೆ. ಗಂಡನನ್ನು ಕಳೆದುಕೊಂಡು, ಮಗನನ್ನೂ ಮನೆತನದ ಅಧಿಕಾರವನ್ನೂ ಪರದೇಶಿಯೊಬ್ಬನ ಕೈಗೆ ಒಪ್ಪಿಸಬೇಕಾಗಿ ಬಂದ ಹೆಣ್ಣಿನ ಕಣ್ಣಿಗೆ ಟೇಲರನು ಹೇಗೆ ಕಂಡಿದ್ದನೆಂಬುದು ಆ ಪುಟಗಳಿಂದ ತಿಳಿಯುವುದಿಲ್ಲ.

ಸುರಪುರದಲ್ಲಿ ಟೇಲರನು ಹನ್ನೆರಡು ವರ್ಷಗಳ ಕಾಲ ಇದ್ದನು. ಅವನ ಹಿಂದೆ ದೊಡ್ಡ ಸೈನ್ಯವಿರಲಿಲ್ಲ. ಬೇಡರ ಮುಖ್ಯಸ್ಥರನ್ನು ಅವರವರ ಊರಿನಲ್ಲಿ ಕಂಡು, ಕೂಡಿ ಮಾತನಾಡಿ, ಅವರ ಹಳೆಯ ಹಕ್ಕುಗಳನ್ನು ಕಸಿಯುವುದಿಲ್ಲವೆಂಬ ನಂಬಿಕೆ ಹುಟ್ಟಿಸಿದನು. ಸರಕುಗಳ ಮೇಲೆ ದಾರಿಯುದ್ದಕ್ಕೂ ಹೇರುತ್ತಿದ್ದ ಸುಂಕಗಳನ್ನು ತೆಗೆದುಹಾಕಿದನು. ಜಮೀನನ್ನು ಅಳೆಸಿ ಕಂದಾಯವನ್ನು ಗೊತ್ತುಪಡಿಸಿದನು. ರಸ್ತೆಗಳಾದವು, ಬೋನಾಳದ ಕೆರೆ ವಿಸ್ತಾರಗೊಂಡಿತು. ದುಡಿದರೆ ಉಣ್ಣಬಹುದೆಂಬ ಭರವಸೆ ಬಂದೊಡನೆ ಲೂಟಿ ತಾನಾಗಿಯೇ ಕಡಿಮೆಯಾಯಿತು. ಥಗ್ಗರ ವಿಷಯದಲ್ಲಿ ನೇಣುಗಂಬಗಳಿಂದ ಆದ ಕೆಲಸ ಇಲ್ಲಿ ಕೆರೆಯಿಂದಲೂ ರಸ್ತೆಯಿಂದಲೂ ಆಯಿತೆಂದರೆ ತಪ್ಪಾಗಲಾರದು. ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಮನೆಗೆ ಜನರು ಟೇಲರ್ ಮಂಜಿಲ್ ಎಂದು ಹೆಸರಿಟ್ಟರು.

ಈ ವರ್ಷಗಳಲ್ಲಿಯೇ ಅವನ ಪತ್ನಿ ಮೇರಿಯು ಸಣ್ಣ ವಯಸ್ಸಿನಲ್ಲಿ ತೀರಿಕೊಂಡಳು. ಮಕ್ಕಳು ದೂರದ ಇಂಗ್ಲೆಂಡಿನಲ್ಲಿದ್ದರು. ಒಂಟಿತನವನ್ನು ಮರೆಯಲು ಅವನು ಕೆಲಸದಲ್ಲಿ ಮುಳುಗಿದನು. ಲಂಡನ್ನಿನ ಟೈಮ್ಸ್ ಪತ್ರಿಕೆಗೆ ವರದಿ ಬರೆದನು, ಚಿತ್ರ ಬಿಡಿಸಿದನು. ರಾಜನಕೋಳೂರಿನ ಕಲ್ಲುಗೋರಿಗಳನ್ನೂ ಜೇವರ್ಗಿಯ ಬಳಿಯ ಕಲ್ಲುಗುಪ್ಪೆಗಳನ್ನೂ ಅಗೆಯಿಸಿ, ಪದರ ಪದರವಾಗಿ ನಕ್ಷೆ ಬರೆದಿಟ್ಟನು. ನಿಧಿಗಾಗಿ ಅಗೆಯುವವರೇ ಹೆಚ್ಚಾಗಿದ್ದ ಆ ಕಾಲದಲ್ಲಿ ಮೂಳೆ, ಮಡಕೆಗಳು ಇದ್ದ ಸ್ಥಳವನ್ನು ಹೀಗೆ ಗುರುತಿಸಿದವರು ಇಲ್ಲವೆನ್ನುವಷ್ಟು ವಿರಳ. ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿಯ ಅಧ್ಯಯನಕ್ಕೆ ಇದು ಆರಂಭದ ಹೆಜ್ಜೆಗಳಲ್ಲಿ ಒಂದಾಯಿತು.

ಎಲ್ಲಕ್ಕಿಂತ ಹೆಚ್ಚಾಗಿ ಅವನ ಮನಸ್ಸನ್ನು ತುಂಬಿದವನು ಬಾಲಕ ವೆಂಕಟಪ್ಪ ನಾಯಕ. ಹುಡುಗನು ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. ಅವನ ಓದು, ಕುದುರೆ ಸವಾರಿ, ಬೇಟೆ ಎಲ್ಲವೂ ಟೇಲರನ ಕಣ್ಣ ಮುಂದೆಯೇ ನಡೆದವು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ರಾಜನಿಗೆ ಗಂಡಾಂತರವಿದೆ ಎಂದು ಜಾತಕದಲ್ಲಿ ಬರೆದಿದೆಯೆಂಬ ಮಾತೊಂದು ಅರಮನೆಯಲ್ಲಿ ಗುಟ್ಟಾಗಿತ್ತು. ಅದು ಟೇಲರನ ಕಿವಿಗೂ ಬಿದ್ದಿತ್ತು. 1853ರಲ್ಲಿ ರಾಜನು ಪ್ರಾಯಕ್ಕೆ ಬಂದೊಡನೆ ಟೇಲರನು ರಾಜ್ಯವನ್ನು ಅವನಿಗೆ ಒಪ್ಪಿಸಿ, ನಳದುರ್ಗ ಜಿಲ್ಲೆಯ ಆಡಳಿತಕ್ಕೆ ಹೊರಟುಹೋದನು.

1857ರ ದಂಗೆಯ ಕಾಲದಲ್ಲಿ ಟೇಲರನನ್ನು ಬಿರಾರಿನ ಬುಲ್ಢಾಣಾಕ್ಕೆ ಕಳುಹಿಸಿದರು. ಕೊಡಲು ಸೈನಿಕರಿಲ್ಲ, ಹೇಗಾದರೂ ಶಾಂತಿ ಕಾಪಾಡಬೇಕೆಂಬುದೇ ಆಜ್ಞೆ. ಅವನು ಕಾಪಾಡಿದನು. ಆದರೆ ಅವನು ಸಾಕಿದ ಹುಡುಗ ದಕ್ಷಿಣದಲ್ಲಿ ಬೇರೆಯ ದಾರಿ ಹಿಡಿದಿದ್ದನು. ಆಂಗ್ಲರ ಆಳ್ವಿಕೆಯನ್ನು ಕಿತ್ತೊಗೆಯುವ ಕಾಲ ಬಂದಿತೆಂದು ವೆಂಕಟಪ್ಪ ನಾಯಕನು ನಂಬಿದನು. 1858ರ ಫೆಬ್ರವರಿಯಲ್ಲಿ ಸುರಪುರದ ಬಳಿ ಬೀಡುಬಿಟ್ಟಿದ್ದ ಆಂಗ್ಲ ಪಡೆಯ ಮೇಲೆ ಅವನ ಜನರು ಬಿದ್ದರು. ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಸತ್ತನು. ಬೇರೆ ಕಡೆಗಳಿಂದಲೂ ಆಂಗ್ಲ ಸೈನ್ಯ ಬರುತ್ತಿದ್ದಂತೆ ರಾಜನು ಕೆಲವೇ ಸವಾರರೊಡನೆ ಹೈದರಾಬಾದಿಗೆ ಹೋದನು. ಅಲ್ಲಿಯ ಬೀದಿಗಳಲ್ಲಿ ಅಲೆಯುತ್ತಿದ್ದಾಗ ಸಾಲಾರ್ ಜಂಗನ ಜನರು ಅವನನ್ನು ಹಿಡಿದು ಆಂಗ್ಲರಿಗೆ ಒಪ್ಪಿಸಿದರು.

ಥಗ್ಗರ ತಪ್ಪೊಪ್ಪಿಗೆಗಳನ್ನು ಕೇಳಿದ್ದ ಟೇಲರನು ಈಗ ಮತ್ತೊಮ್ಮೆ ಒಬ್ಬ ಕೈದಿಯ ಎದುರು ಕುಳಿತುಕೊಳ್ಳಬೇಕಾಯಿತು. ರಾಜನಿಗೆ ಯಾರು ಪ್ರೇರಣೆ ಕೊಟ್ಟರೆಂಬುದನ್ನು ತಿಳಿಯಬೇಕೆಂದು ಮೇಲಿನವರ ಇಚ್ಛೆ. ಟೇಲರನನ್ನು ಕಂಡೊಡನೆ ಯುವಕನು ಅವನನ್ನು ತಬ್ಬಿಕೊಂಡು ಅತ್ತನು. ಆದರೆ ಜೀವ ಉಳಿಸಿರೆಂದು ಬೇಡಲಿಲ್ಲ. ಹೆಸರುಗಳನ್ನು ಹೇಳಿ ಬಿಡುಗಡೆ ಕೊಳ್ಳಲೂ ಮನಸ್ಸು ಮಾಡಲಿಲ್ಲ. ತನ್ನನ್ನು ಕಳ್ಳನಂತೆ ನೇಣು ಹಾಕಬಾರದು, ಫಿರಂಗಿಯ ಬಾಯಿಗೆ ಕಟ್ಟಿದರೆ ಹೆದರದೆ ಸಾಯುತ್ತೇನೆ ಎಂಬುದೊಂದೇ ಅವನು ಕೇಳಿಕೊಂಡದ್ದು. ಕಾನೂನಿನ ಕಣ್ಣಿಗೆ ಆ ಹೊತ್ತು ಅವನೂ ಒಬ್ಬ ಅಪರಾಧಿ. ತಾನು ಅಪರಾಧಿಯಲ್ಲವೆಂಬುದನ್ನು ಅವನು ಸಾವಿನ ರೀತಿಯನ್ನು ಆರಿಸಿಕೊಳ್ಳುವುದರಿಂದ ತಿಳಿಸಹೊರಟಿದ್ದನು. ಸುರಪುರದ ಜನರು ಮುಂದೆ ಅವನನ್ನು ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಅರಸನೆಂದು ನೆನೆದರು. ಟೇಲರನಿಗೆ ಅವನು ದಾರಿ ತಪ್ಪಿದ ಮಗ. ಆ ಎರಡು ನೋಟಗಳನ್ನು ಕೂಡಿಸುವುದು ಟೇಲರನಿಂದ ಆಗಲಿಲ್ಲ.

ಸೈನಿಕ ನ್ಯಾಯಾಲಯವು ಮರಣದಂಡನೆ ವಿಧಿಸಿತು. ಹೈದರಾಬಾದಿನ ರೆಸಿಡೆಂಟನು ಅದನ್ನು ಜೀವಾವಧಿ ಗಡಿಪಾರಿಗೆ ಇಳಿಸಿದನು; ಗವರ್ನರ್ ಜನರಲ್ ಅದನ್ನೂ ಕಡಿಮೆ ಮಾಡಿ ಮದರಾಸಿನ ಬಳಿಯ ಕೋಟೆಯೊಂದರಲ್ಲಿ ನಾಲ್ಕು ವರ್ಷಗಳ ಸೆರೆಯೆಂದು ತೀರ್ಮಾನಿಸಿದನು. ಮತ್ತೆ ಸುರಪುರದ ಆಡಳಿತಕ್ಕೆ ಬಂದಿದ್ದ ಟೇಲರನು ಈ ಸುದ್ದಿಯಿಂದ ಸಂತೋಷಪಟ್ಟನು. ನಾಲ್ಕು ವರ್ಷ ಕಳೆದರೆ ರಾಜನು ಮರಳಬಹುದು ಎಂದು ಅರಮನೆಯ ಹೆಂಗಸರಿಗೆ ಧೈರ್ಯ ಬಂದಿತು. ಅದರ ಹಿಂದೆಯೇ ಇನ್ನೊಂದು ಸುದ್ದಿ ಬಂದಿತು. ಚೆಂಗಲ್ಪಟ್ಟಿಗೆ ಕರೆದೊಯ್ಯುವ ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ ರಾಜನು ಸತ್ತಿದ್ದನು. ತಾನೇ ಹೊಡೆದುಕೊಂಡನೆಂದು ಸರ್ಕಾರದ ವರದಿ. ಅವನಿಗೆ ಆಗ ಇಪ್ಪತ್ತನಾಲ್ಕನೆಯ ವರ್ಷ. ಈ ಸುದ್ದಿಯನ್ನು ಅರಮನೆಗೆ ತಿಳಿಸುವ ಕೆಲಸವೂ ಟೇಲರನ ಪಾಲಿಗೇ ಬಂದಿತು.

1860ರಲ್ಲಿ ಸುರಪುರವನ್ನು ನಿಜಾಮನಿಗೆ ಕೊಡಲಾಯಿತು. ಹೀಗೆ ನಾಯಕರ ಸಂಸ್ಥಾನ ಅಳಿಯಿತು. ಅದೇ ವರ್ಷ ಕೆಟ್ಟ ಆರೋಗ್ಯದೊಡನೆ ಟೇಲರನು ತನ್ನ ನಾಡಿಗೆ ಮರಳಿ, ಡಬ್ಲಿನ್ ಬಳಿ ನೆಲೆಸಿ, ದಖನ್ನಿನ ಇತಿಹಾಸವನ್ನೇ ವಸ್ತುವಾಗಿಟ್ಟುಕೊಂಡು ಕಾದಂಬರಿಗಳನ್ನು ಬರೆದನು. ಅವುಗಳಲ್ಲಿ ತಾರಾ 1863ರಲ್ಲಿಯೂ ಸೀತಾ 1872ರಲ್ಲಿಯೂ ಹೊರಬಂದವು. ಚಾಂದಬೀಬಿಯನ್ನು ಕುರಿತ ಕಾದಂಬರಿ ಅವನ ಮರಣಾನಂತರ ಬೆಳಕು ಕಂಡಿತು. ಕೊನೆಗಾಲದಲ್ಲಿ ಕಣ್ಣಿನ ನೋಟ ಮಂದವಾಯಿತು. ಆದರೂ ಸಾಲಾರ್ ಜಂಗನ ಆಹ್ವಾನದಂತೆ 1875ರಲ್ಲಿ ಮತ್ತೊಮ್ಮೆ ಹೈದರಾಬಾದಿಗೆ ಬಂದನು. ತಾನು ಕುದುರೆಯ ಮೇಲೆ ದಿನಗಟ್ಟಲೆ ಅಲೆದ ಸೀಮೆಯಲ್ಲಿ ಆಗ ರೈಲು ಓಡುತ್ತಿತ್ತು. ಜ್ವರ ಬಂದು ಮರಳಬೇಕಾಯಿತು. ಮರಳುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂತೋನ್ ಎಂಬ ಕಡಲತೀರದ ಊರಿನಲ್ಲಿ ಅವನು ಕಣ್ಣು ಮುಚ್ಚಿದನು. ಅವನು ಬರೆದಿಟ್ಟಿದ್ದ ಆತ್ಮಕಥೆಯನ್ನು ಮಗಳು ಆಲಿಸಳು ಮರುವರ್ಷ ಪ್ರಕಟಿಸಿದಳು. ಸುರಪುರದ ಗುಡ್ಡದ ಮೇಲಿನ ಮನೆಯನ್ನು ಜನರು ಇಂದಿಗೂ ಟೇಲರ್ ಮಂಜಿಲ್ ಎಂದೇ ಕರೆಯುತ್ತಾರೆ.